ಒಂದು ಕಳದು ಹದಿನೆಂಟು

ನಾನೊಂದು ಅಳತೆಯ ಟೇಪು. ಹುಟ್ಟಿದಾಗ ನೂರು ಅಡಿ ಇದ್ದೆ, ಈಗ ತೊಂಬತ್ತೊಂಬತ್ತು. ವಯಸ್ಸಾದಂತೆ ಮನುಷ್ಯರು ಕುಗ್ಗುತ್ತಾರಂತೆ. ನನ್ನದು ಹಾಗಲ್ಲ. ನನ್ನ ಒಂದು ಅಡಿ ಹೋದದ್ದು ತುಂಬು ಪ್ರಾಯದಲ್ಲಿ, ಅದೂ ಇನ್ನೊಬ್ಬರ ಮನೆಯ ಜಗಳದಲ್ಲಿ. ಆ ಮಾತು ಮುಂದೆ ಬರುತ್ತದೆ.

ನನ್ನನ್ನು ನೇಯ್ದದ್ದು ಮುಂಬಯಿಯ ಒಂದು ಕಾರ್ಖಾನೆಯಲ್ಲಿ. ಗಟ್ಟಿ ದಾರದ ಪಟ್ಟಿ, ಮೇಲೆ ಹಳದಿ ಬಣ್ಣ, ಇಂಚಿಗೊಂದು ಕರಿಯ ಗೆರೆ, ಅಡಿಗೊಂದು ಕೆಂಪು ಅಂಕಿ. ತುದಿಗೆ ಹಿತ್ತಾಳೆಯ ಉಂಗುರ. ದುಂಡನೆಯ ಚರ್ಮದ ಡಬ್ಬಿಯೊಳಗೆ ಸುತ್ತಿ ಕೂರಿಸಿದರು. ರೈಲಿನಲ್ಲಿ ಧಾರವಾಡಕ್ಕೆ ಬಂದು, ಪೇಟೆಯ ಕಬ್ಬಿಣದ ಸಾಮಾನಿನ ಅಂಗಡಿಯಲ್ಲಿ ಸಲಿಕೆ ಗುದ್ದಲಿಗಳ ಪಕ್ಕ ಮೂರು ತಿಂಗಳು ಸುಮ್ಮನೆ ಬಿದ್ದಿದ್ದೆ. ಅವುಗಳ ಮೈಕಟ್ಟಿನ ಮುಂದೆ ನನ್ನನ್ನು ಕೇಳುವವರೇ ಇರಲಿಲ್ಲ.

ಸಾವಿರದ ಒಂಬೈನೂರ ಎಪ್ಪತ್ತೊಂದರ ಒಂದು ಮಧ್ಯಾಹ್ನ ಗದಿಗೆಪ್ಪ ಸವಣೂರ ಅಂಗಡಿಗೆ ಬಂದ. ಇಪ್ಪತ್ತೈದರ ಹುಡುಗ, ಬಿಳಿ ಟೋಪಿ, ಬಿಳಿ ಪಾಯಿಜಾಮ, ಕಂಕುಳಲ್ಲಿ ಕೊಡೆ. ಮನೆ ದಲಾಲಿ ಅವನ ಕಸುಬು. ಊರಿನಲ್ಲಿ ಯಾರ ಮನೆ ಖಾಲಿಯಿದೆ, ಯಾರು ಮಾರುತ್ತಾರೆ, ಯಾರು ಮಾರುವುದಿಲ್ಲ ಎಂದು ಬಾಯಲ್ಲಿ ಹೇಳಿ ಮನಸ್ಸಿನಲ್ಲಿ ಮಾರಲು ಕಾಯುತ್ತಿದ್ದಾರೆ, ಎಲ್ಲ ಅವನಿಗೆ ಗೊತ್ತು. ಅವನು ನನ್ನನ್ನು ಪೂರ್ತಿ ಎಳೆದು, ಅಂಗಡಿಯ ಬಾಗಿಲಿನಿಂದ ರಸ್ತೆಯ ಆಚೆಯ ತನಕ ಹಾಸಿ, ಒಂದೊಂದೇ ಅಂಕಿಯನ್ನು ಓದಿಕೊಂಡು ಬಂದ. ನೂರೂ ಸರಿಯಾಗಿವೆ ಎಂದು ಖಾತ್ರಿಯಾದ ಮೇಲೆಯೇ ದುಡ್ಡು ಕೊಟ್ಟದ್ದು. ಇವನ ಕೈಯಲ್ಲಿ ನನಗೆ ಮರ್ಯಾದೆ ಸಿಗುತ್ತದೆ ಎಂದು ಆಗಲೇ ಅನಿಸಿತು.

ಆಗ ಊರೊಳಗಿನ ಮನೆಗೆ ಬೆಲೆ ಕಟ್ಟುತ್ತಿದ್ದದ್ದು ಅಂಕಣದ ಮೇಲೆ. ಎರಡು ತೊಲೆಗಳ ನಡುವಿನ ಜಾಗಕ್ಕೆ ಒಂದು ಅಂಕಣ. ಹದಿನಾರು ಅಂಕಣದ ವಾಡೆ, ಎಂಟು ಅಂಕಣದ ಮನೆ ಎಂದರೆ ಕೇಳಿದವನಿಗೆ ಪಡಸಾಲೆ, ಅಡಿಗೆಮನೆ, ದನದ ಕೊಟ್ಟಿಗೆ ಎಲ್ಲ ಕಣ್ಣಿಗೆ ಕಟ್ಟುತ್ತಿದ್ದವು. ತೊಲೆ ಒತ್ತೊತ್ತಾಗಿದ್ದರೆ ಅಂಕಣ ಚಿಕ್ಕದು, ದೂರವಿದ್ದರೆ ದೊಡ್ಡದು, ಆದರೂ ಬೆಲೆ ಒಂದೇ. ಇದು ಯಾವ ಸೀಮೆಯ ಲೆಕ್ಕ ಎಂದು ನನಗೆ ಮೈಯೆಲ್ಲ ಉರಿಯುತ್ತಿತ್ತು. ಗದಿಗೆಪ್ಪನಿಗೂ ಅದೇ ಉರಿ. ಅದಕ್ಕೇ ನಮ್ಮಿಬ್ಬರಿಗೂ ಹೊಂದಿಕೆಯಾಯಿತು.

ಅವನು ಇದ್ದದ್ದು ಹಂಚಿನಾಳ ಸಾವಕಾರರ ಚಾಳಿನಲ್ಲಿ. ಒಂದೇ ಸಾಲಿನಲ್ಲಿ ಆರು ಮನೆ, ಎಲ್ಲಕ್ಕೂ ಒಂದೇ ಹೆಂಚಿನ ಮಾಡು, ಅಂಗಳದಲ್ಲಿ ಒಂದೇ ನಳ. ಕೊನೆಯ ನಾಲ್ಕು ಅಂಕಣದ ಮನೆ ಗದಿಗೆಪ್ಪನ ಬಾಡಿಗೆ ಮನೆ. ಸಾವಕಾರರದ್ದು ಒಂದು ಕಟ್ಟಪ್ಪಣೆ ಇತ್ತು: ಗೋಡೆಗೆ ಮೊಳೆ ಹೊಡೆಯಕೂಡದು. ಮಣ್ಣಿನ ಗೋಡೆ, ಸುಣ್ಣ ಉದುರುತ್ತದೆ ಎಂದು. ಹೀಗಾಗಿ ನನ್ನನ್ನು ತೂಗುಹಾಕಲು ಜಾಗವಿಲ್ಲದೆ ಗೋಡೆಯ ಗೂಡಿನಲ್ಲಿ, ಉಪ್ಪಿನ ಗಡಿಗೆಯ ಪಕ್ಕ ಇಟ್ಟರು.

"ಮಳಿ ಬಡಿಯಾಕ ಬಿಡದ ಗ್ವಾಡಿನೂ ಒಂದು ಗ್ವಾಡಿನ?" ಎನ್ನುತ್ತಿದ್ದಳು ಗದಿಗೆಪ್ಪನ ಹೆಂಡತಿ ಬಸಲಿಂಗವ್ವ. "ಇದು ನಮ್ಮದಾಗ್ಲಿ, ಮೊದಲು ಈ ಟೇಪಿಗೊಂದು ಮಳಿ ಬಡಿತೀನಿ. ಆಮ್ಯಾಲ ಉಳಿದದ್ದು."

ಹೌದು, ಇದೇ ಮನೆಯನ್ನು ಕೊಳ್ಳಬೇಕೆಂದು ಅವರಿಬ್ಬರ ಆಸೆ. ಊರಿಗೆಲ್ಲ ಮನೆ ಕೊಡಿಸುವವನಿಗೆ ತನ್ನದೊಂದು ಮನೆ ಬೇಡವೇ. ಅದಕ್ಕೆಂದೇ ಒಂದು ತಗಡಿನ ಡಬ್ಬಿಯಲ್ಲಿ ಹಣವನ್ನು ಚೂರು ಚೂರೇ ಕೂಡಿಡುತ್ತಿದ್ದರು.

ಗದಿಗೆಪ್ಪನದು ಒಂದು ರೂಢಿ ಇತ್ತು. ಖಂಡೇನವಮಿಯ ದಿನ ಎಲ್ಲರೂ ತಂತಮ್ಮ ಕಸುಬಿನ ಸಾಮಾನಿಗೆ ಪೂಜೆ ಮಾಡುತ್ತಾರಲ್ಲ, ಅವನು ನನಗೆ ಮಾಡುತ್ತಿದ್ದ. ವಿಭೂತಿ ಹಚ್ಚಿ, ಹೂವು ಏರಿಸಿ, ಕಾಯಿ ಒಡೆದು, "ಪೂಜಿ ಮಾಡಿದ ಟೇಪು ಖಾಲಿ ಕುಂದ್ರಬಾರದು" ಎಂದು ಆ ಇದ್ದ ಮನೆಯನ್ನೇ ಅಳೆಯುತ್ತಿದ್ದ. ಉದ್ದ ಹದಿನೆಂಟು, ಅಗಲ ಹನ್ನೆರಡು. ಅಳೆದ ಮೇಲೆ ಹೆಂಡತಿಗೆ ಆ ವರ್ಷದ ಬೆಲೆ ಹೇಳುವುದು. ಮೊದಲ ವರ್ಷ, "ಇವತ್ತಿನ ಬಜಾರಕ್ಕ ನಾಲ್ಕು ಸಾವಿರಕ್ಕ ಹೋಗತೈತಿ ನೋಡು" ಎಂದ. ಬಸಲಿಂಗವ್ವ ಹೋಳಿಗೆ ಲಟ್ಟಿಸುತ್ತ, "ಮುಂದಿನ ವರ್ಷ ತಗೊಳ್ಳೂಣು" ಎಂದಳು. ಆಗ ಮುಂದಿನ ವರ್ಷ ಎಂದರೆ ಅಷ್ಟು ದೂರ ಇರಲಿಲ್ಲ.

ಮರುವರ್ಷ ನನ್ನ ಅಡಿ ಹೋಯಿತು. ಒಂದು ವಾಡೆಯನ್ನು ಅಣ್ಣ ತಮ್ಮಂದಿರಿಗೆ ಪಾಲು ಮಾಡುವುದಿತ್ತು. ಅಣ್ಣ ನನ್ನ ಉಂಗುರ ಹಿಡಿದ, ತಮ್ಮ ಡಬ್ಬಿ ಹಿಡಿದ. ನಡುವಿನ ಗೋಡೆ ಎಲ್ಲಿ ಬರಬೇಕೆಂದು ಇಬ್ಬರಿಗೂ ಅವರವರ ವಿಚಾರ. ಅಣ್ಣ ಆ ಕಡೆ ಜಗ್ಗಿದ, ತಮ್ಮ ಈ ಕಡೆ ಜಗ್ಗಿದ, ಗದಿಗೆಪ್ಪ ನಡುವೆ ನಿಂತು "ಟೇಪು ಐತ್ರೋ, ಹಗ್ಗ ಅಲ್ಲ" ಎನ್ನುವಷ್ಟರಲ್ಲಿ ನಾನು ಒಂದರ ಅಂಕಿಯ ಹತ್ತಿರ ಹರಿದೆ. ಉಂಗುರದ ಸಮೇತ ಒಂದು ಅಡಿ ಅಣ್ಣನ ಮುಷ್ಟಿಯಲ್ಲಿ ಉಳಿಯಿತು. ಅವನು ಅದನ್ನು ತನ್ನ ಪಾಲಿಗೆ ಬಂದದ್ದೇನೋ ಎಂಬಂತೆ ಜೇಬಿಗೆ ಹಾಕಿಕೊಂಡು ಹೋದ. ಇಂದಿನವರೆಗೂ ತಂದುಕೊಟ್ಟಿಲ್ಲ.

ಹೊಸ ಟೇಪು ಕೊಳ್ಳಿರೆಂದು ಜನ ಹೇಳಿದರು. "ಹೊಸಾದು ತಗೊಳ್ಳೂ ರೊಕ್ಕ ಮನಿ ಡಬ್ಬ್ಯಾಗ ಹಾಕಿದ್ರ ಆತು" ಎಂದ ಗದಿಗೆಪ್ಪ. ಅಂದಿನಿಂದ ಒಂದರ ಗೆರೆಯನ್ನು ಗೋಡೆಗೆ ಹಿಡಿಯುವುದು, ಆ ತುದಿಯಲ್ಲಿ ಬಂದ ಅಂಕಿಯಲ್ಲಿ ಒಂದು ಕಳೆಯುವುದು. ಹತ್ತೊಂಬತ್ತು ಬಂದರೆ, "ಒಂದು ಕಳದು ಹದಿನೆಂಟು". ನಲವತ್ತೊಂದು ಬಂದರೆ, "ಒಂದು ಕಳದು ನಲವತ್ತು". ಆ ಮಾತು ಅವನ ನಾಲಿಗೆಗೆ ಎಷ್ಟು ಅಂಟಿತೆಂದರೆ ಊರಲ್ಲಿ ಅವನ ಹೆಸರೇ ಒಂದ್‌ಕಳದ ಗದಿಗೆಪ್ಪ ಎಂದಾಯಿತು. ಸಂತೆಯಲ್ಲಿ ಬದನೆಕಾಯಿ ಎಣಿಸುವಾಗಲೂ ಒಂದು ಕಳೆಯುತ್ತಾನೆ ಎಂದು ಗೆಳೆಯರು ಕಾಡುತ್ತಿದ್ದರು. ಆದರೆ ಅವನ ಅಳತೆಯ ಮೇಲೆ ಯಾರೂ ಎರಡನೆಯ ಮಾತು ಆಡುತ್ತಿರಲಿಲ್ಲ. ನನಗೂ ಹೆಮ್ಮೆ ಇತ್ತು. ಉಂಗುರ ಇಲ್ಲದಿದ್ದರೂ ಹೆಸರು ಇತ್ತಲ್ಲ.

ಎಂಬತ್ತರ ದಶಕ ಬಂತು. ಊರು ರೈಲು ಹಳಿಯನ್ನು ದಾಟಿ ಆಚೆಗೆ ಕಾಲು ಚಾಚಿತು. ಜೋಳದ ಹೊಲಗಳಲ್ಲಿ ಕಲ್ಲು ನೆಟ್ಟು ಪ್ಲಾಟು ಮಾಡಿದರು. ಅಂಕಣ ಹೋಗಿ ಚದರ ಅಡಿ ಬಂತು. ಚದರ ಅಡಿಗೆ ಹನ್ನೆರಡು ರೂಪಾಯಿ ಎಂದರೆ ಜನ ಮೂಗಿನ ಮೇಲೆ ಬೆರಳಿಡುತ್ತಿದ್ದರು, ಆದರೂ ಕೊಳ್ಳುತ್ತಿದ್ದರು. ನನಗೆ ಅದು ಸುವರ್ಣಕಾಲ. ದಿನ ಬೆಳಗಾದರೆ ಗದಿಗೆಪ್ಪನ ಸೈಕಲ್ಲಿನ ಹಿಡಿಕೆಗೆ ತೂಗಾಡುತ್ತ ಹೊರಡುವುದು, ಹುಲ್ಲಿನ ಮೇಲೆ ಮೈ ಚಾಚುವುದು, ಸಂಜೆ ಮಣ್ಣು ಒರೆಸಿಕೊಂಡು ಗೂಡಿಗೆ ಮರಳುವುದು. ಆ ಹುಲ್ಲಿನ ವಾಸನೆ ಈಗಲೂ ನನ್ನ ದಾರಗಳಲ್ಲಿ ಎಲ್ಲೋ ಇದೆ.

ಎಂಬತ್ತಮೂರರ ಖಂಡೇನವಮಿಗೆ ಸಾವಕಾರರು ತಾವಾಗಿ ಚಾಳಿಗೆ ಬಂದರು. ಮಗಳ ಮದುವೆ ನಿಶ್ಚಯವಾಗಿತ್ತು.

"ಗದಿಗೆಪ್ಪಾ, ಚಾಳ ಬಿಡಿಬಿಡಿಯಾಗಿ ಮಾರಾಕತ್ತೀನಿ. ನೀ ಇರೋ ಮನಿ ನಿನಗ ಒಂಬತ್ತು ಸಾವಿರಕ್ಕ. ದೀಪಾವಳಿ ಒಳಗ ಸಂಚಕಾರ ಅಂತ ಎರಡು ಸಾವಿರ ಮುಂಗಡ ತಂದುಕೊಡು. ತಪ್ಪಿದ್ರ ನನ್ನ ಮಗನ ಹೆಸರಿಗೆ ಹಚ್ಚಿಬಿಡ್ತೀನಿ."

ಹಣದ ಡಬ್ಬಿಯಲ್ಲಿ ಎರಡು ಸಾವಿರದ ಮೇಲೆ ನಲವತ್ತು ರೂಪಾಯಿ ಇತ್ತು. ಉಳಿದದ್ದಕ್ಕೆ ಸೊಸಾಯಿಟಿಯ ಸಾಲ ಸಿಗುತ್ತಿತ್ತು. ಅಂದು ಗದಿಗೆಪ್ಪ ಮನೆಯನ್ನು ಎರಡು ಸಲ ಅಳೆದ. ಬಸಲಿಂಗವ್ವ ಪೇಟೆಗೆ ಹೋಗಿ ಒಂದು ಮೊಳೆ ತಂದು ನನ್ನ ಪಕ್ಕದಲ್ಲೇ ಗೂಡಿನಲ್ಲಿ ಇಟ್ಟಳು. ಮೂರು ಇಂಚಿನ ಮೊಳೆ, ನಾನೇ ಅಳೆದಿದ್ದೇನೆ.

ದೀಪಾವಳಿಗೆ ಎಂಟು ದಿನ ಇರುವಾಗ ಶ್ರೀಪಾದ ಮಾಸ್ತರರ ಕರೆ ಬಂತು. ಹೈಸ್ಕೂಲಿನ ಮಾಸ್ತರರು. ಹಳಿಯ ಆಚೆ ನಲವತ್ತು ಅಗಲ, ಅರವತ್ತು ಉದ್ದದ ಪ್ಲಾಟನ್ನು ಬೇಸಿಗೆಯಲ್ಲಿ ಗದಿಗೆಪ್ಪನೇ ಅವರಿಗೆ ಕೊಡಿಸಿದ್ದ. ಈಗ ಕಂಪೌಂಡು ಕಟ್ಟಲು ಹೊರಟಿದ್ದರು. ಪಕ್ಕದ ಪ್ಲಾಟಿನ ರೇಲ್ವೆ ಗಾರ್ಡ್ ಪಿಂಟೋ ಸಾಹೇಬರು, ಗೋಡೆ ಏಳುವ ಮುಂಚೆ ಒಮ್ಮೆ ಎಲ್ಲರ ಎದುರು ಅಳೆದುಬಿಡೋಣ ಎಂದಿದ್ದರು. ನ್ಯಾಯದ ಮಾತೇ.

ಗದಿಗೆಪ್ಪ ಒಂದರ ಗೆರೆಯನ್ನು ಪಡುವಣ ಕಲ್ಲಿಗೆ ಹಿಡಿದು ಕುಕ್ಕರಗಾಲಿನಲ್ಲಿ ಕುಳಿತ. ಮಾಸ್ತರರೂ ಪಿಂಟೋ ಸಾಹೇಬರೂ ನಾನು ಜೋಲಾಡದಂತೆ ನಡುವೆ ಎತ್ತಿ ಹಿಡಿದರು. ಮೂಡಣ ಕಲ್ಲಿನ ಹತ್ತಿರ ಡಬ್ಬಿ ಹಿಡಿದು ಹೋದವರು ಮಾಸ್ತರರ ಹೆಂಡತಿ ಇಂದುಬಾಯಿ. ಆಗ ಇಪ್ಪತ್ತರ ಹೊಸ ಮದುವಣಗಿತ್ತಿ. ಹಿಂದೆ ಒಮ್ಮೆ ಚಹಾ ಕುಡಿಯುತ್ತ ಗದಿಗೆಪ್ಪ ಅಣ್ಣ ತಮ್ಮಂದಿರ ಕತೆ ಹೇಳಿದ್ದ, ಅವರು ಸೆರಗು ಬಾಯಿಗಿಟ್ಟು ನಕ್ಕಿದ್ದರು. ನನ್ನ ಕೊರತೆ ಅವರಿಗೆ ಗೊತ್ತಿತ್ತು. ಮಾಸ್ತರರ ಹೆಂಡತಿ ತಪ್ಪು ಅಂಕಿ ಹೇಳಬಾರದಲ್ಲ. ಅವರ ಹೆಬ್ಬೆರಳು ನಲವತ್ತೊಂದರ ಮೇಲಿತ್ತು. ಮನಸ್ಸಿನಲ್ಲೇ ಒಂದು ಕಳೆದು, ಸ್ಪಷ್ಟವಾಗಿ, "ನಲವತ್ತು" ಎಂದು ಕೂಗಿದರು.

ಅಷ್ಟರಲ್ಲಿ ಗೂಡ್ಸ್ ಗಾಡಿ ಬಂತು. ಹಳಿ ಅಲ್ಲೇ ಪಕ್ಕಕ್ಕೆ. ಗಾಡಿಯ ಸದ್ದಿನಲ್ಲಿ ಗದಿಗೆಪ್ಪ ತನ್ನಷ್ಟಕ್ಕೆ, "ಒಂದು ಕಳದು ಮೂವತ್ತೊಂಬತ್ತು" ಎಂದದ್ದು ನನ್ನ ಹೊರತು ಯಾರಿಗೂ ಕೇಳಿಸಲಿಲ್ಲ. ಗಾಡಿ ಹೋಗುವ ತನಕ ಅವನು ಮೇಲೆ ಏಳಲಿಲ್ಲ. ಎದ್ದು ಬಂದಾಗ ಮುಖ ಕಪ್ಪಿಟ್ಟಿತ್ತು.

"ಮಾಸ್ತರ್ರ, ಒಂದು ಫೂಟು ಕಡಿಮಿ ಬಿದ್ದೈತ್ರಿ. ಮಾರೂ ದಿನ ನಾ ಕಳೀಲಾರದ ಹೇಳಿರಬೇಕು. ತಪ್ಪು ನಂದು."

"ಇಂದೂ, ಸರಿಯಾಗಿ ನೋಡಿದ್ಯಾ?" ಎಂದು ಮಾಸ್ತರರು ಕೇಳಿದರು.

"ಸರಿಯಾಗೇ ನೋಡೀನ್ರಿ. ನಲವತ್ತು" ಎಂದರು ಅವರು. ಅಂದಮೇಲೆ ಯಾವ ಲೆಕ್ಕದಲ್ಲಿ ಒಂದು ಅಡಿ ಕಡಿಮೆಯಾಯಿತು ಎಂದು ಅವರಿಗೆ ತಿಳಿಯಲಿಲ್ಲ. ಗಂಡಸರು ಮೂವರು ಗಂಭೀರವಾಗಿ ನಿಂತಿದ್ದರು, ದಲಾಲರೇ ತಮ್ಮ ತಪ್ಪು ಒಪ್ಪಿಕೊಂಡಿದ್ದರು. ಹೊಸ ಸೊಸೆ ಬಾಯಿ ಮುಚ್ಚಿಕೊಂಡರು. ಇನ್ನೊಮ್ಮೆ ಅಳೆಯೋಣ ಎಂದು ಯಾರೂ ಅನ್ನಲಿಲ್ಲ. ಒಂದ್‌ಕಳದ ಗದಿಗೆಪ್ಪನ ಅಳತೆಯನ್ನು ಮತ್ತೆ ಅಳೆಯುವ ರೂಢಿ ಊರಿನಲ್ಲಿ ಇರಲಿಲ್ಲವಲ್ಲ. ಅವನ ಒಳ್ಳೆಯ ಹೆಸರೇ ಅಂದು ಅವನಿಗೆ ಮುಳುವಾಯಿತು. ಪ್ಲಾಟು ಸರಿಯಾಗಿ ನಲವತ್ತು ಅಡಿ ಇತ್ತು. ನನಗೆ ಗೊತ್ತಿತ್ತು. ನನ್ನ ಮೈಮೇಲೆ ಅಂಕಿ ಇವೆ, ಬಾಯಿ ಇಲ್ಲ. ಆ ಸಂಕಟವನ್ನು ನಾನು ನಲವತ್ತು ವರ್ಷ ಡಬ್ಬಿಯೊಳಗೆ ಸುತ್ತಿಕೊಂಡು ಕುಳಿತೆ.

ಗದಿಗೆಪ್ಪ ಪಿಂಟೋ ಸಾಹೇಬರ ಕೈಕಾಲು ಹಿಡಿದು ಅವರ ಪ್ಲಾಟಿನ ಅಂಚಿನಿಂದ ಒಂದು ಅಡಿ ಅಗಲ, ಅರವತ್ತು ಅಡಿ ಉದ್ದದ ಪಟ್ಟಿ ಕೇಳಿದ. ಸಾಹೇಬರು ಕೆಟ್ಟವರಲ್ಲ, ಆದರೆ ಅವರ ಮನೆಯ ನಕ್ಷೆ ಆಗಲೇ ಆಗಿತ್ತು, ಮತ್ತೆ ಬರೆಸಬೇಕಿತ್ತು. ನೋಂದಣಿಯ ಖರ್ಚು ಸೇರಿ ಹಣದ ಡಬ್ಬಿ ಬರಿದಾಯಿತು. ಮರುದಿನ ಬಸಲಿಂಗವ್ವ ರೊಟ್ಟಿ ಬಡಿಯುತ್ತ, "ಬಾಡಿಗಿ ಮನ್ಯಾಗ ಇರಬಹುದು. ಇನ್ನೊಬ್ಬರ ಒಂದು ಫೂಟು ತಿಂದು ಇರಾಕ ಆಗೂದಿಲ್ಲ" ಎಂದಳು. ಆಮೇಲೆ ಆ ಮೊಳೆಯನ್ನು ಕಾಗದದಲ್ಲಿ ಸುತ್ತಿ ಗೂಡಿನ ಮೂಲೆಗೆ ಸರಿಸಿದಳು.

ಮಾಸ್ತರರಿಗೂ ಮನಸ್ಸು ನಿಲ್ಲಲಿಲ್ಲ. ಪಟ್ಟಿಯ ಕಾಗದವನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಲು ಒಪ್ಪಲಿಲ್ಲ. "ರೊಕ್ಕ ನೀವು ಕೊಟ್ಟೀರಿ, ನಿಮ್ಮ ಹೆಸರಿಲೇ ಇರಲಿ. ನಾ ನಿಮ್ಮ ಬಾಡಿಗಿದಾರ" ಎಂದರು. ಇಂದುಬಾಯಿ ಒಳಗಿನಿಂದ, "ಬಾಡಿಗಿ ನಾ ಕೊಡ್ತೀನಿ" ಎಂದರು. ಕಂಪೌಂಡಿನ ಒಳಗೆ ಆ ಒಂದು ಅಡಿಯ ಉದ್ದಕ್ಕೂ ಅಬ್ಬಲಿಗೆ ಹೂವಿನ ಗಿಡ ಹಚ್ಚಿದರು. ಮರುವರ್ಷ ಖಂಡೇನವಮಿಯ ಬೆಳಿಗ್ಗೆ ಬಾಳೆ ಎಲೆಯಲ್ಲಿ ಸುತ್ತಿದ ಅಬ್ಬಲಿಗೆ ಮಾಲೆ ಚಾಳಿಗೆ ಬಂತು. ನನ್ನ ಪೂಜೆಗೆ. ಅಂದಿನಿಂದ ಒಂದು ವರ್ಷವೂ ತಪ್ಪಿಲ್ಲ. ಚಾಳಿನಲ್ಲಿ ಬಾಡಿಗೆ ಕೊಡುವ ಗದಿಗೆಪ್ಪ ವರ್ಷಕ್ಕೊಂದು ದಿನ ಬಾಡಿಗೆ ಪಡೆಯುವ ಮಾಲಕನಾಗುತ್ತಿದ್ದ. "ನನಗೂ ಊರಾಗ ಆಸ್ತಿ ಐತಿ, ಅರವತ್ತು ಫೂಟಿಂದು" ಎಂದು ಮೀಸೆ ತಿರುವುತ್ತಿದ್ದ. ಬಸಲಿಂಗವ್ವ ಮಾಲೆಯಲ್ಲಿ ಅರ್ಧ ಕತ್ತರಿಸಿ ತಾನು ಮುಡಿಯುತ್ತಿದ್ದಳು.

ಸಾವಕಾರರು ಹೇಳಿದಂತೆ ಮನೆಯನ್ನು ಮಗನ ಹೆಸರಿಗೆ ಹಚ್ಚಿದರು. ಮಗ ಮಾರಲು ಅವಸರದವನಲ್ಲ, ಬೆಲೆ ಮಾತ್ರ ಕೇಳಿದವರಿಗೆಲ್ಲ ಹೇಳುತ್ತಿದ್ದ. ನಾವು ಪ್ರತಿ ಖಂಡೇನವಮಿಗೂ ಅಳೆದೆವು. ಒಂದು ಕಳೆದು ಹದಿನೆಂಟು, ಒಂದು ಕಳೆದು ಹನ್ನೆರಡು. ಮನೆ ಒಂದು ಇಂಚೂ ಬೆಳೆಯಲಿಲ್ಲ. ಬೆಲೆ ಮರುವರ್ಷವೇ ಹದಿನಾಲ್ಕು ಸಾವಿರ. ಗದಿಗೆಪ್ಪನ ಮಗಳು ದಾಕ್ಷಾಯಣಿ ಶಾಲೆ ಮುಗಿಸುವ ಹೊತ್ತಿಗೆ ತೊಂಬತ್ತು ಸಾವಿರ. ಗದಿಗೆಪ್ಪ ಹಣ ಕೂಡಿಸಿ ಒಂದು ಮೆಟ್ಟಿಲು ಏರಿದರೆ ಬೆಲೆ ಮೂರು ಮೆಟ್ಟಿಲು ಏರಿರುತ್ತಿತ್ತು. ಬಸಲಿಂಗವ್ವ ಮೊದಮೊದಲು, "ಮುಂದಿನ ವರ್ಷ" ಎನ್ನುತ್ತಿದ್ದಳು. ಆಮೇಲೆ "ನೋಡೂಣು" ಎಂದಳು. ಕೊನೆಕೊನೆಗೆ ಬೆಲೆ ಕೇಳಿ ಸುಮ್ಮನೆ ನಕ್ಕು, ಹೋಳಿಗೆ ಮೇಲೆ ಒಂದು ಚಮಚ ತುಪ್ಪ ಹೆಚ್ಚು ಹಾಕುತ್ತಿದ್ದಳು. ನಾಲ್ಕು ಲಕ್ಷ ಎಂದು ಹೇಳಿದ ವರ್ಷವೇ ಅವಳು ತೀರಿಕೊಂಡಳು. ಜ್ವರ, ಹದಿನೈದು ದಿನ, ಅಷ್ಟೇ. ಅವಳ ಫೋಟೋ ಕೂಡ ಗೋಡೆಗೆ ಏರಲಿಲ್ಲ, ಗೂಡಿನಲ್ಲಿ ನನ್ನ ಪಕ್ಕಕ್ಕೇ ಬಂದು ಕುಳಿತಿತು. ಉಪ್ಪಿನ ಗಡಿಗೆಯನ್ನು ಬೇರೆ ಕಡೆ ಇಟ್ಟರು.

ಹೊರಗೆ ಲೋಕ ಬದಲಾಗಿತ್ತು. ವಾಡೆಗಳನ್ನು ಕೆಡವಿ ಅಂಗಡಿ ಸಾಲು ಕಟ್ಟಿದರು. ಊರ ಹೊರಗೆ ಗುಂಟೆ ಪ್ಲಾಟುಗಳು ಬಂದವು, ಒಂದು ಹೊಲವನ್ನು ಹೋಳಿಗೆಯ ಹಾಗೆ ಹರಿದು ಹಂಚುವುದು. ಆಮೇಲೆ ಫ್ಲಾಟು ಬಂತು. ಅದು ನನ್ನ ಬಾಳಿನ ದೊಡ್ಡ ಅವಮಾನ. ಕಾಗದದಲ್ಲಿ ಸಾವಿರದ ನೂರು ಚದರ ಅಡಿ ಎಂದಿರುತ್ತಿತ್ತು. ನಾನು ಮೂಲೆಮೂಲೆಗೆ ತೆವಳಿ ಅಳೆದರೂ ಎಂಟುನೂರ ಹತ್ತು ದಾಟುತ್ತಿರಲಿಲ್ಲ. ಉಳಿದದ್ದೆಲ್ಲಿ ಎಂದರೆ ಮೆಟ್ಟಿಲಿನಲ್ಲಿ, ಲಿಫ್ಟಿನಲ್ಲಿ, ಗೋಡೆಯ ದಪ್ಪದಲ್ಲಿ ಇದೆಯಂತೆ. ಸೂಪರ್ ಬಿಲ್ಟಪ್ ಎಂದು ಅದಕ್ಕೆ ಹೆಸರು. ನಾನು ಬರೀ ಒಂದು ಅಡಿ ಕಳೆದುಕೊಂಡು ಜನ್ಮವಿಡೀ ನಾಚಿದವನು, ಇವರು ಮುನ್ನೂರು ಅಡಿ ಕಳೆದುಕೊಂಡು ಹಾರ ಹಾಕಿಸಿಕೊಳ್ಳುತ್ತಿದ್ದರು. ಗದಿಗೆಪ್ಪ ಕೊಳ್ಳುವವರಿಗೆ ಎರಡೂ ಅಂಕಿ ಹೇಳುತ್ತಿದ್ದ. ಬಿಲ್ಡರುಗಳು ಅವನನ್ನು ಕರೆಯುವುದು ನಿಲ್ಲಿಸಿದರು. ದಲಾಲಿ ಮಗಳ ಕೈಗೆ ಹೋಯಿತು. ದಾಕ್ಷಾಯಣಿ ಮದುವೆಯಾಗಿ ಬೇರೆ ಓಣಿಯಲ್ಲಿದ್ದಳು. ಸ್ಕೂಟರಿನ ಮೇಲೆ ಊರು ತಿರುಗುತ್ತಿದ್ದಳು, ಅಪ್ಪನಿಗಿಂತ ಚುರುಕು. ಅವಳ ಚೀಲದಲ್ಲಿ ಅಂಗೈಯಗಲದ ಒಂದು ಯಂತ್ರ ಇರುತ್ತಿತ್ತು. ಗುಂಡಿ ಒತ್ತಿದರೆ ಎದುರಿನ ಗೋಡೆಗೆ ಕೆಂಪು ಚುಕ್ಕೆ ಬೀಳುತ್ತಿತ್ತು, ಅಳತೆ ತಾನೇ ಮೂಡುತ್ತಿತ್ತು. ಅದರ ಮೇಲೆ ನನಗೆ ಹೊಟ್ಟೆಕಿಚ್ಚು ಇರಲಿಲ್ಲ ಎಂದರೆ ಸುಳ್ಳಾಗುತ್ತದೆ.

ಹೋದ ವರ್ಷ ಇಂದುಬಾಯಿ ಮನೆಯನ್ನು ಬಿಲ್ಡರಿಗೆ ಕೊಡಲು ಒಪ್ಪಿದರು. ಮಾಸ್ತರರು ತೀರಿ ಆರು ವರ್ಷ. ಮಂಡಿ ನೋವು, ಮೆಟ್ಟಿಲು ಆಗದು. ಮನೆ ಕೆಡವಿ ಫ್ಲಾಟು ಏಳುವುದು, ನೆಲ ಅಂತಸ್ತಿನಲ್ಲಿ ಒಂದು ಫ್ಲಾಟು ಅವರಿಗೆ, ಮೇಲೆ ಇಷ್ಟು ಹಣ ಎಂದು ಮಾತು. ವ್ಯವಹಾರ ಕುದುರಿಸಿದ್ದು ದಾಕ್ಷಾಯಣಿಯೇ. ಆದರೆ ಕಾಗದ ತೆಗೆದಾಗ ಒಂದು ಅಡಿ ಬೇರೆಯವರ ಹೆಸರಿನಲ್ಲಿತ್ತು. ಆ ಪಟ್ಟಿ ಇಲ್ಲದೆ ಪರವಾನಗಿ ಇಲ್ಲ. ಬಿಲ್ಡರು ತಾನೇ ಚಾಳಿಗೆ ಬಂದು, ಹೊಸ್ತಿಲ ಮೇಲೆ ಬಾಗಿ, "ಅಜ್ಜಾರ, ಹದಿನಾಲ್ಕು ಲಕ್ಷ ಕೊಡ್ತೀನ್ರಿ" ಎಂದ.

ಆ ವರ್ಷ ಖಂಡೇನವಮಿಗೆ ನಾವು ಅಳೆದಾಗ ನಾಲ್ಕು ಅಂಕಣದ ಈ ಮನೆಯ ಬೆಲೆಯೂ ಹದಿನಾಲ್ಕು ಲಕ್ಷವೇ ಇತ್ತು.

ದಾಕ್ಷಾಯಣಿ ಅಪ್ಪನ ಮುಖ ನೋಡಿದಳು. ಗದಿಗೆಪ್ಪ ಟೋಪಿ ತೆಗೆದು ತಲೆ ಸವರಿಕೊಂಡ.

"ಅದು ನಂದಲ್ರಿ. ಮಾಸ್ತರ್ರದು. ನನ್ನ ತಪ್ಪಿಗೆ ನಾ ತುಂಬಿಕೊಟ್ಟದ್ದು. ಇಂದುಬಾಯಾರ ಹೆಸರಿಗೆ ಸುಮ್ನ ಬರದುಕೊಡ್ತೀನಿ."

"ಅಪ್ಪಾ, ಅವ್ವ ಈ ಮನಿಗೆ ಎಷ್ಟು ಹಂಬಲಿಸಿದ್ಲು" ಎಂದಳು ದಾಕ್ಷಾಯಣಿ.

"ಅದಕ್ಕ ಹೇಳಾಕತ್ತೀನಿ. ಇನ್ನೊಬ್ಬರ ಫೂಟು ತಿನ್ನಬಾರದು ಅಂತ ಹೇಳಿದಾಕೀನೂ ಆಕೀನ."

ಕಾಗದ ಬರೆಯುವ ಮುನ್ನ ಜಾಗ ಅಳೆಯಬೇಕಿತ್ತು. ಗದಿಗೆಪ್ಪ ಹಟ ಮಾಡಿ ನನ್ನನ್ನೂ ಹೆಗಲಿಗೆ ಹಾಕಿಕೊಂಡು ಬಂದ. ಆ ಅಂಗಳವನ್ನು ನಾನು ನಲವತ್ತು ವರ್ಷದ ಮೇಲೆ ಕಂಡೆ. ಅಬ್ಬಲಿಗೆ ಸಾಲು ಮೊಣಕಾಲೆತ್ತರ ಬೆಳೆದು ಕಿತ್ತಳೆ ಬಣ್ಣದ ಹೂ ಹೊತ್ತು ನಿಂತಿತ್ತು. ದಾಕ್ಷಾಯಣಿ ಪಡುವಣ ಗೋಡೆಗೆ ಯಂತ್ರ ಒತ್ತಿ ಹಿಡಿದಳು. ಕೆಂಪು ಚುಕ್ಕೆ ಅಬ್ಬಲಿಗೆ ಸಾಲಿನ ಮೇಲೆ ಹಾದು ಮೂಡಣ ಗೋಡೆಗೆ ಬಿತ್ತು.

"ನಲವತ್ತೊಂದು ಐತಿ."

"ಎಲ್ಲೀದು? ಮೂವತ್ತೊಂಬತ್ತು, ನಂದೊಂದು, ನಲವತ್ತು. ಒಂದು ಕಳಿ."

"ಇದರಾಗ ಕಳಿಯೂದಿಲ್ಲಪ್ಪ" ಎಂದು ಅವಳು ನಕ್ಕಳು.

"ಯಂತ್ರಕ್ಕೂ ಎಲ್ಲೋ ಒಂದು ಫೂಟು ಹರದಿರಬೇಕು. ತಗೀ ನನ್ನ ಟೇಪು."

ಅವನು ಒಂದರ ಗೆರೆಯನ್ನು ಪಡುವಣ ಗೋಡೆಗೆ ಹಿಡಿದು ಕಷ್ಟಪಟ್ಟು ಕುಳಿತ. ದಾಕ್ಷಾಯಣಿ ನನ್ನನ್ನು ನಡುವೆ ಎತ್ತಿ ಹಿಡಿದಳು. ಇಂದುಬಾಯಿ, "ಆ ತುದಿಗೆ ನಾನೇ ಹೋಗ್ತೀನಿ, ಅವತ್ತೂ ನಾನೇ ನೋಡಿದ್ದೆ" ಎಂದು ಡಬ್ಬಿ ಹಿಡಿದು ನಿಧಾನವಾಗಿ ನಡೆದರು. ಅದೇ ಹೆಬ್ಬೆರಳು, ಈಗ ಸುಕ್ಕುಗಟ್ಟಿತ್ತು. ಕನ್ನಡಕ ಸರಿಮಾಡಿಕೊಂಡು ನೋಡಿ, "ನಲವತ್ತೊಂದು" ಎಂದರು.

"ನೋಡಿದ್ಯಾ?" ಗದಿಗೆಪ್ಪ ಮಗಳತ್ತ ತಿರುಗಿದ. "ಒಂದು ಕಳದು ನಲವತ್ತು."

"ಇಲ್ರಿ, ಮತ್ಯಾಕ ಕಳೀತೀರಿ?" ಎಂದರು ಇಂದುಬಾಯಿ. "ನಾ ಕಳದೇ ಹೇಳೀನಿ. ಟೇಪಿನ ಮ್ಯಾಲೆ ನಲವತ್ತೆರಡು ಅದ."

ಈ ಸಲ ಮಾತು ಮುಳುಗಿಸಲು ಗೂಡ್ಸ್ ಗಾಡಿ ಬರಲಿಲ್ಲ. ಗದಿಗೆಪ್ಪ ಕುಳಿತಲ್ಲಿಂದಲೇ ಕೇಳಿದ, "ಅವತ್ತು?"

"ಅವತ್ತೂ ಕಳದೇ ಹೇಳಿದ್ದೆ. ನಿಮ್ಮ ಟೇಪಿನ ಕತಿ ಗೊತ್ತಿತ್ತಲ್ರಿ ನನಗ." ಹೇಳುತ್ತ ಹೇಳುತ್ತಲೇ ಅವರಿಗೆ ಅರ್ಥವಾಯಿತು. ಡಬ್ಬಿ ಕೈಯಿಂದ ಜಾರಿತು. "ಅಯ್ಯೋ ದೇವರ. ನೀವೂ ಕಳದ್ರೇನು? ನನ್ನ ಬಾಯಿಂದ ನಿಮ್ಮ ಮನಿ ಹೋತಲ್ರಿ, ಗದಿಗೆಪ್ಪನವರ."

ಅವರು ಅಳತೊಡಗಿದರು. ನನಗೂ ಎದೆ ಎನ್ನುವುದು ಇದ್ದಿದ್ದರೆ ಒಡೆಯುತ್ತಿತ್ತು. ನಲವತ್ತು ವರ್ಷ ಹೊತ್ತ ಗುಟ್ಟು ಹೊರಬಿತ್ತೆಂದು ಹಗುರವಾಗಲಿಲ್ಲ, ಇನ್ನಷ್ಟು ಭಾರವಾದೆ. ಗದಿಗೆಪ್ಪ ಗೋಡೆ ಹಿಡಿದು ಎದ್ದು, ಅವರ ಹತ್ತಿರ ಬಂದು, ಮೊದಲು ನನ್ನನ್ನು ನೆಲದಿಂದ ಎತ್ತಿಕೊಂಡ.

"ನಿಮ್ಮದು ಸರಿ ಇತ್ತು ಬಾಯಾರ, ನಂದೂ ಸರಿ ಇತ್ತು. ಎರಡು ಸರಿ ಕೂಡಿ ಒಂದು ತಪ್ಪಾತು. ಅಳಬ್ಯಾಡ್ರಿ."

ಬಿಲ್ಡರು ಬಂದಾಗ ಇಂದುಬಾಯಿ ಖಂಡತುಂಡವಾಗಿ ಹೇಳಿದರು, "ಆ ಪಟ್ಟಿ ಅವರದು. ಹದಿನಾಲ್ಕಲ್ಲ, ಅವರು ಎಷ್ಟು ಕೇಳ್ತಾರ ಅಷ್ಟು ಕೊಡ್ರಿ. ನನ್ನ ಪಾಲಿನಾಗ ಮುರಕೊಳ್ರಿ."

ಈಗ ಅದು ನಿಜವಾಗಿಯೂ ಗದಿಗೆಪ್ಪನದು. ಯಾರ ಋಣವೂ ಅಲ್ಲ, ಯಾರ ತಪ್ಪಿನ ದಂಡವೂ ಅಲ್ಲ. ಒಂದು ಮಾತು ಆಡಿದ್ದರೆ ನಾಲ್ಕು ಅಂಕಣದ ಮನೆ ಅಂದೇ ಸಂಜೆ ಅವನದಾಗುತ್ತಿತ್ತು. ಅವನು ಬಹಳ ಹೊತ್ತು ಅಬ್ಬಲಿಗೆ ಸಾಲನ್ನೇ ನೋಡಿದ.

"ಈ ಓಣ್ಯಾಗ ಇವತ್ತಿನ ರೇಟ್ ಏನೈತಿ?"

"ಚದರ ಫೂಟಿಗೆ ಐದು ಸಾವಿರ" ಎಂದಳು ದಾಕ್ಷಾಯಣಿ.

"ಅರವತ್ತು ಫೂಟು. ಮೂರು ಲಕ್ಷ ಕೊಡ್ರಿ. ಜಾಸ್ತಿ ತಗೊಂಡ್ರ ರೇಟ್ ಕೆಡತೈತಿ. ಐವತ್ತು ವರ್ಷ ದಲಾಲಿ ಮಾಡೀನಿ, ಒಬ್ಬರ ರೇಟೂ ಕೆಡಸಿಲ್ಲ. ಮತ್ತ ಆ ಒಂದು ಫೂಟಿಗೆ ಫರಸಿ ಕಲ್ಲು ಹಾಕಬ್ಯಾಡ್ರಿ, ಮಣ್ಣು ಇರಲಿ."

ಬಿಲ್ಡರಿಗೆ ನಂಬಿಕೆಯೇ ಬರಲಿಲ್ಲ. ಹೇಗೂ ಗೋಡೆಯ ಪಕ್ಕ ಜಾಗ ಬಿಡಲೇಬೇಕು, ಮಣ್ಣಿರಲಿ ಎಂದು ಒಪ್ಪಿಕೊಂಡ. ಮೊದಲ ಸಲ ಮನೆ ಹೋದದ್ದು ತಪ್ಪಿನಿಂದ. ಎರಡನೆಯ ಸಲ ಗದಿಗೆಪ್ಪ ಕಣ್ಣು ತೆರೆದುಕೊಂಡೇ ಬಿಟ್ಟುಕೊಟ್ಟ. ನನಗೆ ಸಿಟ್ಟು ಬಂದಿತ್ತು, ಮುಚ್ಚಿಡುವುದಿಲ್ಲ. ಮಗಳಿಗೂ ಬಂದಿತ್ತು.

ವಾರ ಕಳೆದ ಮೇಲೆ ಅವಳೇ ಒಂದು ದಾರಿ ತಂದಳು. ಮೂರು ಲಕ್ಷವನ್ನು ಸಾವಕಾರರ ಮೊಮ್ಮಗನ ಕೈಗೆ ಒಂದೇ ಗಂಟಿನಲ್ಲಿ ಕೊಟ್ಟು ಮನೆಯನ್ನು ಐದು ವರ್ಷ ಭೋಗ್ಯಕ್ಕೆ ಬರೆಸಿಕೊಂಡಳು. ತಿಂಗಳ ಬಾಡಿಗೆ ಇಲ್ಲ, ಅವಧಿ ಮುಗಿದಾಗ ಗಂಟು ವಾಪಸ್. ಹೀಗೆ ಎಪ್ಪತ್ತೇಳನೆಯ ವಯಸ್ಸಿನಲ್ಲಿ ಗದಿಗೆಪ್ಪ ಮಾಲಕನೂ ಅಲ್ಲದೆ, ಬಾಡಿಗೆದಾರನೂ ಅಲ್ಲದೆ ಭೋಗ್ಯದಾರನಾದ. "ಐದು ವರ್ಷ ಸಾಕು ನನಗ" ಎಂದ. ಕಾಗದ ಬರೆಯುವಾಗ ಒಂದೇ ಒಂದು ಸಾಲು ಸೇರಿಸಲು ಕೇಳಿದ, ಗೋಡೆಗೆ ಒಂದು ಮೊಳೆ ಬಡಿಯಲು ಮಾಲಕರ ಅಡ್ಡಿ ಇಲ್ಲವೆಂದು.

"ಹತ್ತು ಬಡೀರಿ ಅಜ್ಜಾ" ಎಂದು ಮೊಮ್ಮಗ ನಕ್ಕ.

"ಒಂದ ಸಾಕು. ಒಂದ ಐತಿ."

ಕಾಗದದಲ್ಲಿ ಸುತ್ತಿದ ಆ ಮೂರು ಇಂಚಿನ ಮೊಳೆಗೆ ತುಕ್ಕು ಹಿಡಿದಿತ್ತು. ಗದಿಗೆಪ್ಪ ಅದನ್ನು ಎಣ್ಣೆಯಲ್ಲಿ ಒರೆಸಿ ತಾನೇ ಬಡಿದ. ಸಾವಕಾರರು ಹೆದರಿದ್ದು ಸುಳ್ಳಲ್ಲ, ಅಂಗೈಯಷ್ಟು ಸುಣ್ಣ ಉದುರಿತು. ಮೊಳೆಗೆ ಬಸಲಿಂಗವ್ವನ ಫೋಟೋ ಹಾಕಿದ. ಅವಳು ನನಗೆಂದು ತಂದ ಮೊಳೆ ಎಂದು ಒಂದು ಗಳಿಗೆ ನನಗೆ ಚುರ್ರೆಂದಿತು. ಆಮೇಲೆ ನನ್ನ ಡಬ್ಬಿಯ ಪಟ್ಟಿಯನ್ನೂ ಅದೇ ಮೊಳೆಗೆ ತೂಗುಹಾಕಿದ. ಈಗ ನಾವಿಬ್ಬರೂ ಅಲ್ಲೇ ಇದ್ದೇವೆ. ನನಗೆ ಕೆಲಸವಿಲ್ಲ, ಅಂಕಿಗಳು ಮಾಸಿವೆ. ಈ ಊರಿನ ಎಷ್ಟೋ ಮನೆಗಳ ಉದ್ದಗಲ ಬಲ್ಲೆ. ಅವುಗಳಲ್ಲಿ ಬಹಳಷ್ಟು ಈಗ ನೆಲದ ಮೇಲಿಲ್ಲ, ನನ್ನ ನೆನಪಿನಲ್ಲಿ ಮಾತ್ರ ಇವೆ. ಯಾವ ಮನೆಗೆ ಎಷ್ಟು ಬೆಲೆ ಎಂದು ಕೇಳಿದರೆ ಮಾತ್ರ ನನಗೆ ಹೇಳಲು ಬಾರದು. ಅದು ನನ್ನ ಮೈಮೇಲೆ ಬರೆದಿರುವುದಲ್ಲ.

ಮೊನ್ನೆ ಖಂಡೇನವಮಿ. ಬೆಳಿಗ್ಗೆ ದಾಕ್ಷಾಯಣಿ ಬಾಳೆ ಎಲೆಯ ಪೊಟ್ಟಣ ಹಿಡಿದು ಬಂದಳು. ಫ್ಲಾಟು ಇನ್ನೂ ಏಳುತ್ತಿದೆ, ಆದರೆ ಗೋಡೆಯ ಪಕ್ಕದ ಒಂದು ಅಡಿ ಹಾಗೇ ಇದೆಯಂತೆ.

"ಪಟ್ಟಿ ಮಾರಿ ಆತಲ್ಲ, ಇನ್ನ ಬಾಡಿಗಿ ಯಾತರದು?" ಎಂದ ಗದಿಗೆಪ್ಪ.

"ನಾನೂ ಕೇಳಿದೆ. ಬಾಯಾರು ರೂಢಿ ಅಂದ್ರು."

ಮಾಲೆಯಲ್ಲಿ ಅರ್ಧ ಬಸಲಿಂಗವ್ವನಿಗೆ, ಅರ್ಧ ನನಗೆ. ಕಾಯಿ ಒಡೆದರು. ಮಗಳು ಚೀಲದಿಂದ ಯಂತ್ರ ತೆಗೆದು ಅದಕ್ಕೂ ಕುಂಕುಮ ಹಚ್ಚಿದಳು. ಆಮೇಲೆ ಪೂಜೆ ಮಾಡಿದ ಟೇಪು ಖಾಲಿ ಕೂರಬಾರದಲ್ಲ. ಗದಿಗೆಪ್ಪ ಒಂದರ ಗೆರೆಯನ್ನು ತಲಬಾಗಿಲ ಗೋಡೆಗೆ ಹಿಡಿದ. ದಾಕ್ಷಾಯಣಿ ನನ್ನನ್ನು ಅಡಿಗೆಮನೆಯ ಗೋಡೆಯ ತನಕ ಎಳೆದುಕೊಂಡು ಹೋಗಿ, ಬಾಗಿ ನೋಡಿ ಕೂಗಿದಳು.

"ಹತ್ತೊಂಬತ್ತು."

ಐವತ್ತು ವರ್ಷ ಆ ಅಂಕಿ ಕೇಳಿದೊಡನೆ ಅವನ ಬಾಯಿಂದ ಮುಂದಿನ ಮಾತು ತಾನಾಗಿ ಬರುತ್ತಿತ್ತು. ಮೊನ್ನೆ ಬರಲಿಲ್ಲ. ಅವನು ತಡೆದು ಕೇಳಿದ,

"ಯವ್ವಾ, ಕಳದು ಹೇಳಿದ್ಯೋ, ಕಳೀಲಾರದ ಹೇಳಿದ್ಯೋ?"

ದಾಕ್ಷಾಯಣಿ ಇನ್ನೊಮ್ಮೆ ಬಾಗಿ ಅಂಕಿ ನೋಡಿದಳು.

"ಕಳೀಲಾರದ ಹೇಳೀನಪ್ಪ" ಎಂದಳು. "ಕಳಿಯೂದು ನಿಂದು."

ಗದಿಗೆಪ್ಪ ಗೋಡೆಯ ಮೇಲಿನ ಫೋಟೋ ಕಡೆ ತಿರುಗಿದ.

"ಒಂದು ಕಳದು ಹದಿನೆಂಟು" ಎಂದ.